ಲಾಂಗ್‌ಆರ್ಮ್‌ಗೆ ಕೊಡುವ ಮೊದಲು ಟಾಪ್ ಮತ್ತು ಬ್ಯಾಕಿಂಗ್

ಧಾರವಾಡದ ಮನೆಯಲ್ಲಿ ಅವ್ವ ಕೌದಿ ಹೊಲಿಯುವಾಗ ಹಳೆಯ ಸೀರೆಗಳನ್ನು ನೆಲದ ಮೇಲೆ ಪದರ ಪದರವಾಗಿ ಹಾಸಿ, ಅಂಚಿನಿಂದ ಟಾಕು ಹಾಕುತ್ತಾ ಒಳಗೆ ಬರುತ್ತಿದ್ದಳು. ಎಲ್ಲಾದರೂ ಅರಿವೆ ಉಬ್ಬಿದರೆ ಅಂಗೈಯಿಂದ ಸವರಿ, ಹೆಚ್ಚಾದದ್ದನ್ನು ಸಣ್ಣ ಮಡಿಕೆ ಮಾಡಿ ಒಳಗೆ ಸೇರಿಸಿ ಮುಂದುವರಿಯುತ್ತಿದ್ದಳು. ಅಮೆರಿಕದ ಓಹಾಯೋದಲ್ಲಿ ಕೌದಿಯಂಥದ್ದೇ ಆದ ಕ್ವಿಲ್ಟ್ ಕಲಿತ ಮೇಲೆ, ತುಂಡುಗಳನ್ನು ಕೂಡಿಸಿ ಟಾಪ್ ಮಾಡುವ ಕೆಲಸವನ್ನು ನಾನು ಮನೆಯ ಯಂತ್ರದಲ್ಲೇ ಮಾಡುತ್ತೇನೆ. ಟಾಪ್, ನಡುವಿನ ಮೆತ್ತನೆಯ ಪದರವಾದ ಬ್ಯಾಟಿಂಗ್ ಮತ್ತು ಕೆಳಗಿನ ಬ್ಯಾಕಿಂಗ್ ಮೂರನ್ನೂ ಸೇರಿಸಿ ಹೊಲಿಯುವ ಕೆಲಸವನ್ನು ಪಕ್ಕದ ಊರಿನ ಲಾಂಗ್‌ಆರ್ಮ್ ಕ್ವಿಲ್ಟರ್ (ಉದ್ದ ತೋಳಿನ ದೊಡ್ಡ ಯಂತ್ರದಲ್ಲಿ ಕ್ವಿಲ್ಟ್ ಹೊಲಿದುಕೊಡುವವರು) ಒಬ್ಬರಿಗೆ ಕೊಡುತ್ತೇನೆ. ಅವರ 12 ಅಡಿ ಉದ್ದದ ಚೌಕಟ್ಟಿನಲ್ಲಿ ಬಟ್ಟೆ ರೋಲರ್‌ಗಳ ನಡುವೆ ಬಿಗಿಯಾಗಿ ನಿಂತಿರುತ್ತದೆ, ಹೊಲಿಗೆ ಯಂತ್ರವೇ ಅದರ ಮೇಲೆ ಓಡಾಡುತ್ತದೆ. ಹಾಗಾಗಿ ಅವ್ವನ ಅಂಗೈ ಹೊಲಿಯುತ್ತಾ ಮಾಡುತ್ತಿದ್ದ ತಿದ್ದುಪಡಿಯನ್ನು ನಾವು ಬಟ್ಟೆ ಕೊಡುವ ಮೊದಲೇ ಮನೆಯಲ್ಲಿ ಮುಗಿಸಿರಬೇಕು.

ಇದು ನನಗೆ ಅರ್ಥವಾದದ್ದು ನನ್ನ ಮೊದಲ ಟಾಪ್ ಹಿಂದಿರುಗಿ ಬಂದಾಗ. ಬಾರ್ಡರ್ ಪಟ್ಟಿಯನ್ನು ಅಳೆಯದೆ, ಅಂಚಿಗೆ ಹೊಲಿಯುತ್ತಾ ಹೋಗಿ ಕೊನೆಯಲ್ಲಿ ಮಿಕ್ಕಿದ್ದನ್ನು ಕತ್ತರಿಸಿದ್ದೆ. ಟಾಪಿನ ನಡುಭಾಗ 72 ಇಂಚು ಇದ್ದರೆ ಬಾರ್ಡರ್ ಹೆಚ್ಚುಕಡಿಮೆ 74 ಇಂಚು ಆಗಿತ್ತು. ಹಾಸಿಗೆಯ ಮೇಲೆ ಹರಡಿದಾಗ ಈ ವ್ಯತ್ಯಾಸ ಕಣ್ಣಿಗೆ ಬೀಳಲಿಲ್ಲ. ರೋಲರಿಗೆ ಸುತ್ತಿದ ಕೂಡಲೇ ಎರಡೂ ಬದಿಗಳು ಲಂಗದ ಫ್ರಿಲ್ಲಿನಂತೆ ಎದ್ದು ನಿಂತವು. ಹಾಗೆಯೇ ಹೊಲಿದರೆ ನೆರಿಗೆಗಳು ಶಾಶ್ವತವಾಗಿ ಉಳಿಯುತ್ತವೆ ಎಂದು ಆ ಕ್ವಿಲ್ಟರ್ ಕರೆ ಮಾಡಿ ಹೇಳಿದರು. ನಾನು ಬಾರ್ಡರ್ ಪೂರ್ತಿ ಬಿಚ್ಚಿ ಮತ್ತೆ ಹೊಲಿದೆ. ಈಗ ಟಾಪನ್ನು ನಡುವೆ ಒಮ್ಮೆ, ಅದರ ಅತ್ತಿತ್ತ ಒಮ್ಮೊಮ್ಮೆ ಅಳೆದು, ಮೂರರ ಸರಾಸರಿಗೆ ಎರಡು ಬದಿಯ ಪಟ್ಟಿಗಳನ್ನೂ ಸಮನಾಗಿ ಕತ್ತರಿಸಿ, ಅರ್ಧ ಮತ್ತು ಕಾಲು ಭಾಗಗಳಲ್ಲಿ ಗುರುತು ಮಾಡಿ, ಪಿನ್ನು ಚುಚ್ಚಿಕೊಂಡ ಮೇಲೆಯೇ ಹೊಲಿಯುತ್ತೇನೆ. ಬಾರ್ಡರ್ ಇಲ್ಲದ ಟಾಪಿನಲ್ಲಿ ತುಂಡುಗಳ ಹೊಲಿಗೆಗಳು ಅಂಚಿನವರೆಗೂ ಬರುವುದರಿಂದ, ಅವು ಎಳೆತಕ್ಕೆ ಬಿಚ್ಚಿಕೊಳ್ಳದಂತೆ ಸುತ್ತಲೂ 1/8 ಇಂಚು ಒಳಗೆ ಒಂದು ಸಾಲು ಹೊಲಿಗೆ ಹಾಕುವುದು ಒಳ್ಳೆಯದು.

ಬ್ಯಾಕಿಂಗನ್ನು ಯಾರೂ ಇಷ್ಟು ಮನಸ್ಸಿಟ್ಟು ಮಾಡುವುದಿಲ್ಲ. ಆದರೆ ಚೌಕಟ್ಟಿನಲ್ಲಿ ಎಳೆತವನ್ನೆಲ್ಲ ತಡೆಯುವುದು ಅದೇ. ಅದು ನಾಲ್ಕೂ ಬದಿಗೆ ಟಾಪಿಗಿಂತ 4 ಇಂಚು ಹೆಚ್ಚಿರಬೇಕು. ಕ್ಲಿಪ್ಪುಗಳು ಹಿಡಿಯುವುದೂ, ದಾರದ ಬಿಗಿಯನ್ನು ಮೊದಲು ಪರೀಕ್ಷಿಸುವುದೂ ಈ ಹೆಚ್ಚುವರಿ ಜಾಗದಲ್ಲಿಯೇ. ನನ್ನ ಈಗಿನ ಟಾಪ್ 60 ಇಂಚು ಅಗಲ, 72 ಇಂಚು ಉದ್ದ ಇದೆ. ಅಂದರೆ ಬ್ಯಾಕಿಂಗ್ ಕನಿಷ್ಠ 68ಕ್ಕೆ 80 ಇರಬೇಕು. ಸುಮಾರು 42 ಇಂಚು ಪನ್ನದ ಹತ್ತಿ ಬಟ್ಟೆಯನ್ನು 4 ಗಜ ತಂದು, 72 ಇಂಚಿನ ಎರಡು ತುಂಡು ಮಾಡಿ, ಅರ್ಧ ಇಂಚು ಒಳಗೆ ಹೊಲಿದು ಕೂಡಿಸಿದೆ. ಜೋಡಿಸುವ ಮೊದಲು ಸೆಲ್ವೇಜ್ ಅಂಚನ್ನು, ಅಂದರೆ ಪನ್ನದ ಬದಿಗೆ ನೇಯ್ಗೆ ಮುಗಿಯುವ ಅಂಚನ್ನು, ಕತ್ತರಿಸಿ ತೆಗೆಯಲೇಬೇಕು, ಏಕೆಂದರೆ ಅಲ್ಲಿ ನೇಯ್ಗೆ ದಟ್ಟವಾಗಿದ್ದು ಉಳಿದ ಬಟ್ಟೆಯಷ್ಟು ಹಿಗ್ಗುವುದಿಲ್ಲ, ಹೊಲಿಗೆಯ ಉದ್ದಕ್ಕೂ ಸುಕ್ಕು ಕಟ್ಟುತ್ತದೆ. ಜೋಡಣೆ ಅಡ್ಡಕ್ಕೆ ಬಂದರೆ ರೋಲರಿನ ಮೇಲೆ ಸಮನಾಗಿ ಸುತ್ತಿಕೊಳ್ಳುತ್ತದೆ. ಉದ್ದಕ್ಕೆ ಬಂದರೆ ಪ್ರತಿ ಸುತ್ತಿನಲ್ಲಿಯೂ ಅದೇ ಜಾಗ ದಪ್ಪವಾಗುತ್ತಾ ಹೋಗಿ, ನಡುವೆ ಬಿಗಿದು ಬದಿಗಳು ಸಡಿಲವಾಗುತ್ತವೆ. ಕೊನೆಗೆ ಮೂಲೆಗಳನ್ನು ಮೂಲೆಮಟ್ಟ ಹಿಡಿದು ನೋಡಿ ನೇರ ಮಾಡುತ್ತೇನೆ.

ಈ ಸಲ ಬ್ಯಾಕಿಂಗಿಗೆ ಅವ್ವನ ಇಳಕಲ್ ಸೀರೆಯನ್ನು ಹಾಕಬೇಕೆಂಬ ಆಸೆ ತುಂಬಾ ಇತ್ತು. ಕೌದಿಯಲ್ಲಿ ಅದರ ಸ್ಥಾನ ಅದೇ ತಾನೆ. ಕ್ವಿಲ್ಟರ್ ಸೀರೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಸವೆದ ಜಾಗಗಳನ್ನು ತೋರಿಸಿ, ಚೌಕಟ್ಟಿನ ಎಳೆತಕ್ಕೆ ಅವು ಹರಿಯಬಹುದೆಂದು ಮೃದುವಾಗಿ ಹೇಳಿದರು. ದಡಿಯ ನೇಯ್ಗೆಯೂ ಒಡಲಿನದಕ್ಕಿಂತ ಬಿಗಿಯಾಗಿತ್ತು. ಸೆಲ್ವೇಜಿನ ತೊಂದರೆಯೇ ಇಲ್ಲಿ ನಾಲ್ಕು ಬೆರಳಿನಷ್ಟು ಅಗಲವಾಗಿತ್ತು. ಮನಸ್ಸಿಗೆ ನೋವಾದರೂ ಅವರ ಮಾತು ಸರಿಯೆನಿಸಿತು. ಒಡಲಿನ ಗಟ್ಟಿಯಾದ ಭಾಗಗಳಿಗೆ ಇಸ್ತ್ರಿಯ ಬಿಸಿಗೆ ಅಂಟುವ ತೆಳು ಲೈನಿಂಗ್ ಹಚ್ಚಿ, 12 ಚೌಕಗಳನ್ನು ಕತ್ತರಿಸಿ ಟಾಪಿನ ನಡುವೆಯೇ ಸೇರಿಸಿದ್ದೇನೆ. ಸೆರಗನ್ನು ಮುಟ್ಟಿಲ್ಲ.

ಉಳಿದವು ಸಣ್ಣ ಕೆಲಸಗಳು. ಟಾಪನ್ನು ತಿರುವಿ ಹಾಕಿ ಜೋಲುವ ದಾರಗಳನ್ನೆಲ್ಲ ಕತ್ತರಿಸಬೇಕು, ಕಪ್ಪು ದಾರ ಬಿಳಿ ಬಟ್ಟೆಯಡಿ ಉಳಿದರೆ ಹೊಲಿದ ಮೇಲೂ ಗೆರೆಯಂತೆ ಕಾಣುತ್ತದೆ. ಟಾಪ್, ಬ್ಯಾಕಿಂಗ್ ಎರಡಕ್ಕೂ ಇಸ್ತ್ರಿ ಮಾಡಬೇಕು. ಗುಂಡಿ, ಮಣಿಗಳನ್ನು ಈಗ ಹಚ್ಚಬಾರದು. ಮೂರು ಪದರಗಳನ್ನು ಬೇರೆಬೇರೆಯಾಗಿಯೇ ಚೌಕಟ್ಟಿಗೆ ಏರಿಸುವುದರಿಂದ ಅವನ್ನು ಒಟ್ಟಿಗೆ ಟಾಕು ಹಾಕಿಯೋ ಪಿನ್ನು ಚುಚ್ಚಿಯೋ ಕೊಡಬಾರದು.

ನಿನ್ನೆ ರಾತ್ರಿ ಎರಡನ್ನೂ ಹ್ಯಾಂಗರಿಗೆ ಹಾಕಿ ಇಟ್ಟಿದ್ದೇನೆ. ಟಾಪಿನ ಮೇಲಂಚಿನಲ್ಲಿ ಒಂದು ಚೀಟಿಯನ್ನು ಸೇಫ್ಟಿ ಪಿನ್ನಿನಿಂದ ಸಿಕ್ಕಿಸಿ, ‘ಈ ಬದಿ ಮೇಲೆ’ ಎಂದು ಬರೆದು, ಅದರ ಕೆಳಗೆ ಸೀರೆಯ ಚೌಕಗಳು ಯಾವ ಸಾಲಿನಲ್ಲಿವೆ ಎಂಬುದನ್ನೂ ಗುರುತಿಸಿದ್ದೇನೆ, ಅಲ್ಲಿ ಹೊಲಿಗೆ ತುಸು ವಿರಳವಾಗಿರಲಿ ಎಂದು.