ಅಜ್ಜಿ, ಇದು ಯಾರ ಕೆಲಸ?

ಅಮೆರಿಕದ ವರ್ಜೀನಿಯಾ ರಾಜ್ಯದಲ್ಲಿ ನಾಲ್ಕನೇ ಕ್ಲಾಸಿನ ಮಕ್ಕಳಿಗೆ ತಮ್ಮ ರಾಜ್ಯದ ಚರಿತ್ರೆಯೇ ಒಂದು ಪಾಠ. 2024ರ ಸ್ಪ್ರಿಂಗ್ ಬ್ರೇಕ್ ಹೊತ್ತಿಗೆ ನಾನು ಮಗಳ ಮನೆಯಲ್ಲಿದ್ದೆ. ಮೊಮ್ಮಗಳು ಪುಸ್ತಕ ಹಿಡಿದು ಬಂದು ಕೇಳಿದಳು, "ಅಜ್ಜಿ, ಗವರ್ನರ್ ದೊಡ್ಡವರಾ, ಪ್ರೆಸಿಡೆಂಟ್ ದೊಡ್ಡವರಾ?"

ಶಿವಮೊಗ್ಗದ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಸಮಾಜ ವಿಜ್ಞಾನ ಪಾಠ ಮಾಡಿದವಳು ನಾನು. ಈ ಪ್ರಶ್ನೆ ನನಗೆ ಹೊಸದಲ್ಲ. "ಪ್ರಧಾನಿ ಹೇಳಿದರೆ ಮುಖ್ಯಮಂತ್ರಿ ಕೇಳಲೇಬೇಕಾ ಮಿಸ್" ಅಂತ ನಮ್ಮ ಮಕ್ಕಳೂ ಕೇಳುತ್ತಿದ್ದರು. ದೊಡ್ಡವರು ಯಾರು ಅಂತ ಹೊರಟರೆ ಇದು ಅರ್ಥವಾಗುವುದಿಲ್ಲ. ಯಾವ ಕೆಲಸ ಯಾರದು ಅಂತ ಕೇಳಬೇಕು. ಅಳಿಯನಿಗೆ ಹೇಳಿದೆ, "ಮೂರು ದಿನ ಕಾರು ತೆಗೀರಿ. ಮಕ್ಕಳಿಗೆ ತೋರಿಸಿಯೇ ಬಿಡೋಣ."

ಮೊದಲ ದಿನ ವಾಷಿಂಗ್ಟನ್. ಅಲ್ಲಿನ ಸಂಸತ್ ಭವನ ಕ್ಯಾಪಿಟಲ್ ನೋಡಲು ದುಡ್ಡು ಕೊಡಬೇಕಿಲ್ಲ, ಮೊದಲೇ ಬುಕ್ ಮಾಡಿದರೆ ಸಾಕು. ಆದರೆ ತಿನ್ನುವ ಪದಾರ್ಥ ಒಳಗೆ ಬಿಡುವುದಿಲ್ಲ. ಮಗಳು ಕಟ್ಟಿದ್ದ ಕೋಡುಬಳೆಯನ್ನು ಹೊರಗಡೆ ಬೆಂಚಿನ ಮೇಲೆ ಕೂತು ಖಾಲಿ ಮಾಡಿಯೇ ಹೋದೆವು. ಗುಮ್ಮಟದ ಕೆಳಗಿನ ದುಂಡು ಸಭಾಂಗಣ ರೊಟುಂಡಾದಲ್ಲಿ ನಿಂತು ತಲೆ ಎತ್ತಿದರೆ 180 ಅಡಿ ಮೇಲೆ ಚಿತ್ರ. ಮೊಮ್ಮಗಳು ನೋಡುತ್ತಾ ನೋಡುತ್ತಾ ಹಿಂದಕ್ಕೆ ವಾಲಿದಳು, ಅವಳಣ್ಣ ಹಿಡಿದುಕೊಂಡ.

ನನಗೆ ಆ ಚಿತ್ರಕ್ಕಿಂತ ಹಿಡಿಸಿದ್ದು ಅಲ್ಲಿನ ಪ್ರತಿಮೆಗಳು. ಒಂದೊಂದು ರಾಜ್ಯವೂ ಎರಡೆರಡು ಪ್ರತಿಮೆ ಕಳಿಸುತ್ತದೆ. ಐವತ್ತು ರಾಜ್ಯ, ನೂರು ಪ್ರತಿಮೆ. ಯಾರದ್ದು ಇರಬೇಕೆಂದು ಆರಿಸುವುದು ರಾಜ್ಯವೇ. ಇಲ್ಲಿನ ಮೇಲ್ಮನೆ ಸೆನೆಟ್ಟಿನ ಲೆಕ್ಕವೂ ಹಾಗೇ ಅಲ್ವಾ? ಸುಮಾರು 4 ಕೋಟಿ ಜನರಿರುವ ಕ್ಯಾಲಿಫೋರ್ನಿಯಾಕ್ಕೂ ಇಬ್ಬರು, 6 ಲಕ್ಷವೂ ಇಲ್ಲದ ವಯೋಮಿಂಗ್‌ಗೂ ಇಬ್ಬರು. ಜನಸಂಖ್ಯೆ ಲೆಕ್ಕಕ್ಕೆ ಬರುವುದು 435 ಸದಸ್ಯರ ಕೆಳಮನೆಯಲ್ಲಿ. ನಮ್ಮ ರಾಜ್ಯಸಭೆಯಲ್ಲಿ ಉತ್ತರ ಪ್ರದೇಶಕ್ಕೆ 31, ಕರ್ನಾಟಕಕ್ಕೆ 12 ಅಂದಾಗ ಮೊಮ್ಮಗ ಹುಬ್ಬೇರಿಸಿದ. ಅವನಿಗೆ ಹದಿಮೂರು. ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾಣೇದಾರ್ ಈಗ ಅದೇ ಕೆಳಮನೆಯಲ್ಲಿದ್ದಾರೆ, ಅದಕ್ಕೂ ಮೊದಲು ಮಿಷಿಗನ್ ರಾಜ್ಯದ ಶಾಸನಸಭೆಯಲ್ಲಿದ್ದರು ಅಂತಲೂ ಹೇಳಿದೆ. "ಅಂದ್ರೆ ಮೊದಲು ಎಮ್ಮೆಲ್ಲೆ, ಆಮೇಲೆ ಎಂಪಿ" ಅಂದ. ಸರಿಯಾಗಿಯೇ ಹಿಡಿದಿದ್ದ.

ವರ್ಜೀನಿಯಾದ ಎರಡು ಪ್ರತಿಮೆಗಳಲ್ಲಿ ಒಂದು ಜಾರ್ಜ್ ವಾಷಿಂಗ್ಟನ್ನದು. ಇನ್ನೊಂದು ರಾಬರ್ಟ್ ಲೀ ಅವರದಾಗಿತ್ತು. ಗುಲಾಮಗಿರಿ ಉಳಿಸಿಕೊಳ್ಳಲು ದೇಶದಿಂದ ಬೇರೆಯಾದ ರಾಜ್ಯಗಳ ಸೇನಾಪತಿ ಆತ. 2020ರ ಡಿಸೆಂಬರ್‌ನಲ್ಲಿ ಅದನ್ನು ತೆಗೆದರು. ಆ ಜಾಗಕ್ಕೆ ವರ್ಜೀನಿಯಾ ಆರಿಸಿದ್ದು ಬಾರ್ಬರಾ ಜಾನ್ಸ್ ಎಂಬ ಹದಿನಾರು ವರ್ಷದ ಕಪ್ಪು ಹುಡುಗಿಯನ್ನು. ನಾವು ಹೋದಾಗ ಪ್ರತಿಮೆ ಇನ್ನೂ ಬಂದಿರಲಿಲ್ಲ.

"ಹದಿನಾರು ವರ್ಷದವಳು ಏನು ಮಾಡಿದ್ದಳು?" ಮೊಮ್ಮಗಳ ಪ್ರಶ್ನೆ.

"ಅವಳ ಶಾಲೆಗೇ ಹೋಗೋಣ, ಅಲ್ಲಿ ಹೇಳ್ತೀನಿ" ಅಂದೆ. ನಮ್ಮ ಪ್ರವಾಸದ ದಾರಿ ಅಲ್ಲಿಗೆ ಗಟ್ಟಿಯಾಯಿತು.

ಹೊರಡುವ ಮುಂಚೆ ದೇಶದ ಹಳೆಯ ದಾಖಲೆಗಳನ್ನು ಇಟ್ಟಿರುವ ನ್ಯಾಷನಲ್ ಆರ್ಕೈವ್ಸ್‌ಗೆ ಹೋದೆವು. ಮಂಕು ಬೆಳಕು, ಗಾಜಿನ ಕೆಳಗೆ ಸಂವಿಧಾನದ ನಾಲ್ಕು ಚರ್ಮದ ಹಾಳೆ. ಪಕ್ಕದಲ್ಲೇ ಹಕ್ಕುಗಳ ಮಸೂದೆ, ಸಂವಿಧಾನಕ್ಕೆ ಮೊದಲು ಸೇರಿಸಿದ ತಿದ್ದುಪಡಿಗಳ ಹಾಳೆ. ಮೂಲದಲ್ಲಿ ಹನ್ನೆರಡು ತಿದ್ದುಪಡಿಗಳಿದ್ದವು. 1791ರಲ್ಲಿ ಹತ್ತಕ್ಕೆ ಒಪ್ಪಿಗೆ ಸಿಕ್ಕಿತು. ಹಾಗಾಗಿ ಹತ್ತನೇ ತಿದ್ದುಪಡಿ ಆ ಹಾಳೆಯಲ್ಲಿ ಹನ್ನೆರಡನೆಯದು. ಕೇಂದ್ರಕ್ಕೆ ಕೊಡದ, ರಾಜ್ಯಗಳಿಗೆ ಬೇಡವೆನ್ನದ ಅಧಿಕಾರವೆಲ್ಲ ರಾಜ್ಯಗಳದ್ದು, ಇಲ್ಲವೇ ಜನರದ್ದು ಅನ್ನುತ್ತದೆ ಅದು. ನಮ್ಮಲ್ಲಿ ಇದು ತಿರುಗುಮುರುಗು. ಯಾವ ಪಟ್ಟಿಯಲ್ಲೂ ಇಲ್ಲದ ವಿಷಯ ಕೇಂದ್ರಕ್ಕೆ ಹೋಗುತ್ತದೆ. ಇದೊಂದನ್ನು ತಿಳಿದರೆ ಎರಡೂ ದೇಶದ ಅರ್ಧ ಪಾಠ ಮುಗಿದ ಹಾಗೆ.

ಮರುದಿನ ವರ್ಜೀನಿಯಾದ ರಾಜಧಾನಿ ರಿಚ್ಮಂಡ್ ದಾರಿ, ಸುಮಾರು 170 ಕಿಲೋಮೀಟರ್. ಕಾರಿನಲ್ಲಿ ಆಟ ಶುರು ಮಾಡಿದೆ. ಕಣ್ಣಿಗೆ ಬಿದ್ದದ್ದನ್ನು ಹೇಳಬೇಕು, ಅದು ಯಾರ ಕೆಲಸ ಅಂತಲೂ ಹೇಳಬೇಕು. ಅಂಚೆ ಗಾಡಿ? ಫೆಡರಲ್, ಅಂದರೆ ಕೇಂದ್ರ ಸರ್ಕಾರದ್ದು. ಕಾರಿನ ನಂಬರ್ ಪ್ಲೇಟ್? ರಾಜ್ಯ. ಮಿಲಿಟರಿ ಟ್ರಕ್? ಫೆಡರಲ್. ಹಳದಿ ಸ್ಕೂಲ್ ಬಸ್? ಇಬ್ಬರೂ ತಡವರಿಸಿದರು. ಅದನ್ನು ಓಡಿಸುವುದು ಕೌಂಟಿಯ, ಅಂದರೆ ನಮ್ಮ ಜಿಲ್ಲೆಯಂಥದ್ದರ, ಶಾಲಾ ಮಂಡಳಿ. ನಾವು ಹೋಗುತ್ತಿದ್ದ ಐ-95 ಹೆದ್ದಾರಿ? ಕಟ್ಟಲು ಬಹುಪಾಲು ಹಣ ಫೆಡರಲ್, ನೋಡಿಕೊಳ್ಳುವುದು ರಾಜ್ಯ. ಅದಕ್ಕೆ ಅರ್ಧ ಅರ್ಧ ಪಾಯಿಂಟ್ ಕೊಟ್ಟೆ. ಅಳಿಯನ ಸರದಿ ಬಂದಾಗ ಆತ, "ನನ್ನ ಗ್ರೀನ್ ಕಾರ್ಡ್ ಫೆಡರಲ್, ಡ್ರೈವಿಂಗ್ ಲೈಸೆನ್ಸ್ ರಾಜ್ಯ" ಅಂದ. ಮಕ್ಕಳಿಗೆ ಅದು ಚೆನ್ನಾಗಿ ನಾಟಿತು. ಅಪ್ಪನ ಪರ್ಸಿನೊಳಗೇ ಎರಡು ಸರ್ಕಾರ ಇದ್ದವು.

ರಿಚ್ಮಂಡಿನ ಕ್ಯಾಪಿಟಲ್, ಅಂದರೆ ರಾಜ್ಯದ ಶಾಸನಸಭೆಯ ಕಟ್ಟಡ, ಬೆಳ್ಳಗೆ, ಕಂಬಗಳ ಗುಡಿಯಂತಿದೆ. ಥಾಮಸ್ ಜೆಫರ್ಸನ್ ಫ್ರಾನ್ಸಿನ ಹಳೆಯ ರೋಮನ್ ಗುಡಿಯೊಂದನ್ನು ಮಾದರಿಯಾಗಿಟ್ಟುಕೊಂಡು ರೂಪಿಸಿದ್ದು. ಒಳಗೆ ಗುಮ್ಮಟವಿದೆ, ಹೊರಗಿನಿಂದ ಕಾಣುವುದೇ ಇಲ್ಲ. ವಾಷಿಂಗ್ಟನ್ನಿನ ಗದ್ದಲದ ನಂತರ ಇಲ್ಲಿ ಮನಸ್ಸು ಹಗುರಾಯಿತು. ಗೈಡ್ ಮಕ್ಕಳ ಹತ್ತಿರ ಬಗ್ಗಿ ಮಾತಾಡಿದರು. ಕೆಳಮನೆಯಲ್ಲಿ 100 ಜನ ಡೆಲಿಗೇಟುಗಳು, ಮೇಲ್ಮನೆಯಲ್ಲಿ 40 ಸೆನೆಟರುಗಳು. ಅಧಿವೇಶನ ಜನವರಿಯಲ್ಲಿ ಶುರುವಾಗಿ ಸಮ ಸಂಖ್ಯೆಯ ವರ್ಷದಲ್ಲಿ 60 ದಿನ ನಡೆಯುತ್ತದೆ. ಮುಗಿದ ಮೇಲೆ ಅವರವರ ಕಸುಬಿಗೆ ಅವರವರು. ಅಧಿವೇಶನದ ದಿನಗಳಲ್ಲಿ 13, 14 ವರ್ಷದ ಮಕ್ಕಳು ಅಲ್ಲಿ ಪೇಜ್ ಆಗಿ ಓಡಾಡುತ್ತಾರೆ, ಸದಸ್ಯರಿಗೆ ಕಾಗದ ಪತ್ರ ತಂದುಕೊಡುತ್ತಾರೆ. ಇದನ್ನು ಕೇಳಿ ಮೊಮ್ಮಗ ನೆಟ್ಟಗೆ ನಿಂತ. ಅರ್ಜಿ ಹಾಕುವುದು ಹೇಗೆ ಅಂತ ಅಲ್ಲೇ ವಿಚಾರಿಸಿದ.

ಗವರ್ನರ್ ಅಂದರೆ ನಮ್ಮ ರಾಜ್ಯಪಾಲರಲ್ಲ, ಜನರೇ ಓಟು ಹಾಕಿ ಆರಿಸುವ ಮುಖ್ಯಸ್ಥ. ವರ್ಜೀನಿಯಾದಲ್ಲಿ ಗವರ್ನರ್ ನಾಲ್ಕು ವರ್ಷ ಮುಗಿಸಿ ಬೆನ್ನಿಗೇ ಮತ್ತೆ ನಿಲ್ಲುವಂತಿಲ್ಲ. ಈ ಕಟ್ಟು ಇಡೀ ದೇಶದಲ್ಲಿ ಇದೊಂದೇ ರಾಜ್ಯಕ್ಕೆ. ರಾಜ್ಯಕ್ಕೆ ತನ್ನದೇ ಸಂವಿಧಾನವೂ ಇದೆ. ಆ ಸಂವಿಧಾನದಿಂದಲೇ ಬಾರ್ಬರಾ ಕಥೆ ಶುರು. 1902ರ ವರ್ಜೀನಿಯಾ ಸಂವಿಧಾನ ಬಿಳಿ ಮಕ್ಕಳೂ ಕಪ್ಪು ಮಕ್ಕಳೂ ಒಂದೇ ಶಾಲೆಯಲ್ಲಿ ಓದಬಾರದು ಅಂತ ಬರೆದಿತ್ತು. ಅದೇ ಕ್ಯಾಪಿಟಲ್ ಅಂಗಳದಲ್ಲಿ ಈಗ ಬಾರ್ಬರಾ ಮತ್ತು ಗೆಳೆಯರ ಕಂಚಿನ ಸ್ಮಾರಕವಿದೆ. 2008ರಲ್ಲಿ ನಿಲ್ಲಿಸಿದ್ದು. ನಮಗದು ಚಂದ್ರನನ್ನು ಹಿಡಿಯಲು ಕೈಚಾಚಿದ ಹಾಗಿತ್ತು ಅನ್ನುವ ಅವಳ ಮಾತು ಕಲ್ಲಿನಲ್ಲಿ ಕೆತ್ತಿದೆ. ಮೊಮ್ಮಗಳು ಕಂಚಿನ ಹುಡುಗಿಯ ಮುಂದೆ ನಿಂತು ತನ್ನ ಕೈಯನ್ನೂ ಮೇಲಕ್ಕೆ ಚಾಚಿದಳು.

ಮೂರನೇ ದಿನ ಪಶ್ಚಿಮಕ್ಕೆ 100 ಕಿಲೋಮೀಟರ್, ಫಾರ್ಮ್‌ವಿಲ್. ಸಣ್ಣ ಊರು. ಬಾರ್ಬರಾ ಓದಿದ ರಾಬರ್ಟ್ ರೂಸಾ ಮೋಟನ್ ಹೈಸ್ಕೂಲು ಈಗ ಮ್ಯೂಸಿಯಂ. 180 ಮಕ್ಕಳಿಗೆಂದು ಕಟ್ಟಿದ ಶಾಲೆಯಲ್ಲಿ 1951ರ ಹೊತ್ತಿಗೆ 450ಕ್ಕೂ ಹೆಚ್ಚು ಮಕ್ಕಳಿದ್ದರು. ಜಾಗ ಸಾಲದೆ ಅಂಗಳದಲ್ಲಿ ಟಾರು ಕಾಗದ ಹೊದಿಸಿದ ಶೆಡ್ಡು ಹಾಕಿದ್ದರು. ಮಳೆ ಬಂದರೆ ಮಕ್ಕಳು ಒಳಗೇ ಕೊಡೆ ಹಿಡಿಯಬೇಕಿತ್ತು. ಏಪ್ರಿಲ್ 23ರಂದು ಬಾರ್ಬರಾ ಮತ್ತು ಗೆಳೆಯರು ಉಪಾಯ ಮಾಡಿ ಹೆಡ್ ಮಾಸ್ಟರನ್ನು ಊರೊಳಗೆ ಕಳಿಸಿದರು. ಎಲ್ಲ ಮಕ್ಕಳನ್ನೂ ಸಭಾಂಗಣಕ್ಕೆ ಕರೆದರು. ಅವಳು ವೇದಿಕೆ ಹತ್ತಿ ಮಾತಾಡಿದಳು. ಇಡೀ ಶಾಲೆ ಹೊರಗೆ ನಡೆಯಿತು. ಎರಡು ವಾರ ಮುಷ್ಕರ.

ಆ ಸಭಾಂಗಣದಲ್ಲೇ ಕೂತು ಆಟ ಮುಂದುವರಿಸಿದೆವು. ಶಾಲೆ ಕಟ್ಟಡ ಯಾರ ಕೆಲಸ? ಕೌಂಟಿ. ಬೇರೆ ಬೇರೆ ಕೂರಿಸಿದ್ದು? ರಾಜ್ಯದ ಕಾನೂನು. ಮಕ್ಕಳ ವಕೀಲರು ಆಲಿವರ್ ಹಿಲ್ ಮತ್ತು ಸ್ಪಾಟ್ಸ್‌ವುಡ್ ರಾಬಿನ್ಸನ್ ಎಲ್ಲಿಗೆ ಹೋದರು? ಫೆಡರಲ್ ಕೋರ್ಟಿಗೆ. 1952ರಲ್ಲಿ ರಿಚ್ಮಂಡಿನಲ್ಲಿ ಸೋತರು. 1954ರಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಮೂರು ರಾಜ್ಯಗಳ ಇಂಥದ್ದೇ ಮೊಕದ್ದಮೆಗಳ ಜೊತೆ ಸೇರಿಸಿ ಇವರ ಪರ ತೀರ್ಪು ಕೊಟ್ಟಿತು.

"ಹಾಗಾದ್ರೆ ಫೆಡರಲ್ಲೇ ದೊಡ್ಡದು!" ಮೊಮ್ಮಗಳು ಎದ್ದು ನಿಂತಳು.

"ತೀರ್ಪು ದೊಡ್ಡದೇ ಪುಟ್ಟಿ. ಆದರೆ ಶಾಲೆಗೆ ದುಡ್ಡು ಕೊಡೋದು ಯಾರು?"

ಅವಳು ಮಾತಾಡಲಿಲ್ಲ. ನಾನೇ ಹೇಳಬೇಕಾಯಿತು. ಒಟ್ಟಿಗೆ ಕೂರಿಸಲು ಮನಸ್ಸಿಲ್ಲದ ಕೌಂಟಿ 1959ರಲ್ಲಿ ಸರ್ಕಾರಿ ಶಾಲೆಗಳಿಗೆ ತೆರಿಗೆ ಎತ್ತುವುದನ್ನೇ ನಿಲ್ಲಿಸಿತು. ಎಲ್ಲ ಶಾಲೆಗೂ ಬೀಗ. ಬಿಳಿ ಮಕ್ಕಳಿಗೆ ಖಾಸಗಿ ಶಾಲೆ ಎದ್ದಿತು. ಕಪ್ಪು ಮಕ್ಕಳಲ್ಲಿ ಕೆಲವರು ಬೇರೆ ಊರಿನ ನೆಂಟರ ಮನೆಗೆ ಹೋದರು, ಕೆಲವರು ಚರ್ಚಿನಲ್ಲಿ ಅಷ್ಟಿಷ್ಟು ಕಲಿತರು, ಎಷ್ಟೋ ಮಕ್ಕಳು ಓದನ್ನೇ ಬಿಟ್ಟರು. 1964ರಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಬಾಯಿ ಹಾಕಿದ ಮೇಲೆಯೇ ಬೀಗ ತೆಗೆದದ್ದು. ಪಾಠ ಹೇಳಿ ಬದುಕಿದವಳು ನಾನು. ಇದನ್ನು ಹೇಳುವಾಗ ಗಂಟಲು ಕಟ್ಟಿತು.

ಮೊಮ್ಮಗಳು ಬೆರಳು ಮಡಚಿ ಎಣಿಸತೊಡಗಿದಳು. ನಾಲ್ಕನೇ ಕ್ಲಾಸು, ಐದು, ಆರು, ಏಳು, ಎಂಟು. ಐದೂ ಬೆರಳು ಮುಗಿದವು. ಅಣ್ಣನ ಕಡೆ ತಿರುಗಿ, "ನಿನಗಿಂತ ದೊಡ್ಡವಳಾಗಿರ್ತಿದ್ದೆ" ಅಂದಳು. ಆಮೇಲೆ ಆ ಮಡಚಿದ ಕೈಯನ್ನು ಹಾಗೇ ಹಿಡಿದುಕೊಂಡು, ಖಾಲಿ ವೇದಿಕೆಯ ಮುಂದೆ ತುಂಬಾ ಹೊತ್ತು ಕೂತಿದ್ದಳು.