ಆಳುಗಳು ಉಂಡ್ರಾ?

ಮೈಸೂರಿನ ಒಂದು ವೃದ್ಧಾಶ್ರಮದಲ್ಲಿ ಹಿರಿಯರಿಗೆ ಊಟ ಮಾಡಿಸೋದು ನನ್ನ ಕೆಲಸ. ಹೋದ ವರ್ಷ ಮಂಡ್ಯ ಕಡೆಯ ಅಜ್ಜಿಯೊಬ್ಬರು ಬಂದರು. ಮರೆವಿನ ಕಾಯಿಲೆ. ತಟ್ಟೆ ಮುಂದಿಟ್ಟರೆ ದೂರ ತಳ್ಳುತ್ತಿದ್ದರು. ಹಟ ಜಾಸ್ತಿ ಅಂತ ನಾವೆಲ್ಲ ಅಂದುಕೊಂಡೆವು. ಆ ಮಾತು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಅಲ್ಲಿಯವರೆಗೂ ನಾನು ನಿಂತೇ ತಿನ್ನಿಸುತ್ತಿದ್ದೆ. ಒಂದು ಮಧ್ಯಾಹ್ನ ಟಿ.ವಿ. ಆರಿಸಿ, ಅವರ ಮುಖದ ಮಟ್ಟಕ್ಕೆ ಕುಳಿತೆ. ಆಗ ಕೇಳಿಸಿತು. "ಆಳುಗಳು ಉಂಡ್ರಾ?"

ಕಬ್ಬು ಬೆಳೆಯುತ್ತಿದ್ದ ಮನೆ ಅವರದು. ಕಟಾವಿಗೆ ಬಂದವರಿಗೆ ಬಡಿಸದೆ ಮನೆಯೊಡತಿ ಉಣ್ಣೋದು ಹೇಗೆ? "ಎಲ್ಲ ಉಂಡ್ರು ಅಜ್ಜಿ, ನೀವೊಬ್ಬರೇ ಬಾಕಿ" ಅಂದೆ. ಕೈ ತಟ್ಟೆಗೆ ಬಂತು.

ಮೊಸರನ್ನ ಮಾತ್ರ ಹಾಗೇ ಉಳಿಯುತ್ತಿತ್ತು. ಬಿಳಿ ತಟ್ಟೆ, ಬಿಳಿ ಅನ್ನ. ಈ ಕಾಯಿಲೆಯಲ್ಲಿ ಎರಡೂ ಒಂದರಲ್ಲೊಂದು ಕಲೆತು ಹೋಗಿ ಕಾಣದೇ ಇರಬಹುದು. ಬಾಸ್ಟನ್ ವಿಶ್ವವಿದ್ಯಾಲಯದವರು 2004ರಲ್ಲಿ ಪ್ರಕಟಿಸಿದ ಒಂದು ಸಣ್ಣ ಅಧ್ಯಯನದಲ್ಲಿ, ಅಲ್ಜೈಮರ್ ಅನ್ನೋ ಮರೆವಿನ ಕಾಯಿಲೆ ಮುಂದುವರಿದವರಿಗೆ ಗಾಢ ಕೆಂಪು ತಟ್ಟೆ ಕೊಟ್ಟಾಗ ಊಟ ಸುಮಾರು ಶೇ. 25ರಷ್ಟು ಹೆಚ್ಚಿತ್ತು. ನಮಗೆ ಕೆಂಪು ತಟ್ಟೆ ಏಕೆ, ಬಾಳೆ ಎಲೆ ಇದೆಯಲ್ವಾ? ತಟ್ಟೆಯ ಅಳತೆಗೆ ಕತ್ತರಿಸಿ ಹಾಸಿದೆ. ಅಜ್ಜಿ ಮೊಸರನ್ನ ಉಂಡರು.

ಕಷ್ಟವಾಗಿದ್ದು ಮುದ್ದೆ. ಮುರಿದು, ಸೊಪ್ಪಿನ ಸಾರಿಗೆ ಅದ್ದಿ, ನುಂಗೋದು ಅವರ ಬೆರಳಿಗೆ ಮರೆತಿರಲಿಲ್ಲ. ಗಂಟಲಿಗೆ ಮರೆತಿತ್ತು. ಒಂದು ದಿನ ಕೆಮ್ಮು ಹತ್ತಿ ಕಣ್ಣಲ್ಲಿ ನೀರು ಬಂತು. ನನ್ನ ಕೈ ನಡುಗಿತು. ಊಟದಲ್ಲಿ ಪದೇ ಪದೇ ಕೆಮ್ಮಿದರೆ, ಉಂಡ ಮೇಲೆ ದನಿ ಗೊರಗೊರ ಅಂದರೆ ಸುಮ್ನೆ ಬಿಡಬೇಡಿ, ಅನ್ನ ಶ್ವಾಸಕೋಶಕ್ಕೆ ಇಳಿಯಬಹುದು. ನಮ್ಮ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯಲ್ಲಿ ಮಾತಿನ ತೊಂದರೆ ಮಾತ್ರವಲ್ಲ, ನುಂಗುವ ತೊಂದರೆಯನ್ನೂ ನೋಡುತ್ತಾರೆ.

ತೋರಿಸಿದ ಮೇಲೆ ಮುದ್ದೆ ನಿಲ್ಲಿಸಿದೆವು. ಅದೇ ರಾಗಿ ಹಿಟ್ಟನ್ನು ಗಂಟಿಲ್ಲದ ಹಾಗೆ ಗಟ್ಟಿ ಗಂಜಿ ಮಾಡುತ್ತೇವೆ. ಚಮಚ ಅವರ ಕೈಯಲ್ಲಿ, ಅವರ ಕೈ ನನ್ನ ಕೈಯಲ್ಲಿ. ಒಂದು ತುತ್ತು ಇಳಿದದ್ದು ಗಂಟಲಲ್ಲಿ ಕಂಡ ಮೇಲೇ ಇನ್ನೊಂದು. ಮುಕ್ಕಾಲು ಗಂಟೆ ಹಿಡಿಯುತ್ತದೆ, ಹಿಡಿಯಲಿ. ಆದರೂ ಅವರ ಬೆರಳು ಗಾಳಿಯಲ್ಲೇ ಮುದ್ದೆ ಮುರಿಯೋದು ನೋಡಿದಾಗ ಹೊಟ್ಟೆ ಉರಿಯುತ್ತದೆ.

ಕೊನೆಗೆ ಕೆನ್ನೆಯೊಳಗೆ ತುತ್ತು ಉಳಿದಿದೆಯಾ ಅಂತ ನೋಡುತ್ತೇನೆ. ಆಮೇಲೆ ಅರ್ಧ ಗಂಟೆ ಮಲಗಿಸೋದಿಲ್ಲ, ನೆಟ್ಟಗೆ ಕೂರಿಸಿರುತ್ತೇನೆ. ನಾಳೆ ಕಟಾವಿಗೆ ಎಷ್ಟು ಆಳು ಅಂತ ಆಗ ಕೇಳುತ್ತಾರೆ. ಹನ್ನೆರಡು ಅನ್ನುತ್ತೇನೆ. "ಹಂಗಾದ್ರೆ ಅಕ್ಕಿ ಜಾಸ್ತಿ ಹಾಕು ಮಗ" ಅನ್ನುತ್ತಾರೆ.