ಸಾಮಾನಿನ ಚೀಟಿಯಲ್ಲಿ ಒತ್ತಕ್ಷರ

ಒತ್ತಕ್ಷರ ರೂಢಿಯಾಗಲು ಕಾಪಿರೈಟಿಂಗ್ ಪುಸ್ತಕ ತರಬೇಕಿಲ್ಲ, ಕಿರಾಣಿ ಸಾಮಾನಿನ ಚೀಟಿ ಮಕ್ಕಳ ಕೈಲಿ ಬರೆಸಿ. ಅಕ್ಕಿ, ಬೆಲ್ಲ, ಉಪ್ಪು, ಎಣ್ಣೆ, ತುಪ್ಪ ಎಲ್ಲಕ್ಕೂ ಸಜಾತಿ ಒತ್ತು, ಅಂದರೆ ಅದೇ ಅಕ್ಷರದ ಒತ್ತು. ಬೆಳ್ಳುಳ್ಳಿಗಂತೂ ಎರಡೆರಡು. ವಿಜಾತಿಗೆ, ಅಂದರೆ ಬೇರೆ ಅಕ್ಷರದ ಒತ್ತಿಗೆ, ಮೆಂತ್ಯ ಇದೆ. ಅರ್ಕಾವತ್ತಿಗೆ ಖರ್ಜೂರ: ಬಾಯಲ್ಲಿ ‘ರ್’ ಮೊದಲು ಬರುತ್ತೆ, ಕೈಯಲ್ಲಿ ‘ಜೂ’ ಆದಮೇಲೆ. ಮಕ್ಕಳು ಎಡವುವುದು ಅಲ್ಲೇ. ಲ, ಳ ಗೊಂದಲಕ್ಕೆ ಕಡಲೆಬೇಳೆಯಷ್ಟು ಒಳ್ಳೆಯ ಪದ ಇನ್ನೊಂದಿಲ್ಲ.

ನಾಲ್ಕೈದು ವರ್ಷದವರಿಗೆ ಪೆನ್ಸಿಲ್ ಆಮೇಲೆ, ಮೊದಲು ರವೆ. ಗಾಢ ಬಣ್ಣದ ತಟ್ಟೆಯಲ್ಲಿ ಚಿರೋಟಿ ರವೆಯನ್ನು ತಳ ಮುಚ್ಚುವಷ್ಟು ಮಾತ್ರ ಹರಡಿ. ಜಾಸ್ತಿ ಹಾಕಿದರೆ ಅಂಚಿನ ರವೆ ಜಾರಿ ಗೆರೆ ಮುಚ್ಚಿಹೋಗುತ್ತೆ. ಅಕ್ಕಿಹಿಟ್ಟು ಬೇಡ, ಬೆವರಿದ ಬೆರಳಿಗೆ ಅಂಟುತ್ತೆ. ‘ಅ’ದಿಂದಲೇ ಶುರುಮಾಡಬೇಕೆಂದೂ ಇಲ್ಲ, ಸರ್ಕಾರಿ ಶಾಲೆಗಳ ನಲಿ-ಕಲಿಯಲ್ಲಿ ರ, ಗ, ಸ, ದ, ಅ ಎಂದೇ ಕಲಿಸುವುದು.

ಡಬ್ಬಿಗಳಿಗೆ ಹೆಸರು ಬರೆದು ಅಂಟಿಸುವ ಕೆಲಸ ಆರೇಳು ವರ್ಷದವರಿಗೆ. ಮಾಸ್ಕಿಂಗ್ ಟೇಪ್ 2 ಇಂಚು ಅಗಲದ್ದೇ ಇರಲಿ. ಸಪೂರ ಟೇಪಿನಲ್ಲಿ ಕೆಳಗೆ ಜಾಗ ಸಾಲದೆ ಮಕ್ಕಳು ಒತ್ತನ್ನು ಅಕ್ಷರದ ಪಕ್ಕಕ್ಕೆ ತುರುಕುತ್ತಾರೆ, ಆ ಅಭ್ಯಾಸ ಬಿಡಿಸುವುದು ಕಷ್ಟ. ಟೇಪಿನ ನಡುವೆ ಒಂದು ಗೆರೆ ಎಳೆದುಕೊಡಿ: ಅಕ್ಷರ ಗೆರೆಯ ಮೇಲೆ, ಒತ್ತು ಕೆಳಗೆ. ಮೇಜಿನ ಮೇಲೆ ಬರೆದು ಆಮೇಲೆ ಅಂಟಿಸಲಿ, ದುಂಡು ಡಬ್ಬಿಯ ಮೇಲೆ ಕೈ ನಿಲ್ಲುವುದಿಲ್ಲ. ಸ್ಕೆಚ್ ಪೆನ್ ಒದ್ದೆ ಕೈ ತಾಗಿದರೆ ಹರಡುತ್ತೆ, ಪೆನ್ಸಿಲ್ ಸಾಕು.

ಎಂಟು ದಾಟಿದವರು ಮಾಡುವ ವಿಧಾನವನ್ನೇ ಬರೆಯಬಹುದು. ಒಲೆ ಬೇಡದ ಪಾನಕದಿಂದ ಶುರುಮಾಡಿ: 1 ಲೀಟರ್ ನೀರು, 150 ಗ್ರಾಂ ಬೆಲ್ಲ, ಒಂದು ನಿಂಬೆಹಣ್ಣು, 3 ಏಲಕ್ಕಿ, ಚಿಟಿಕೆ ಉಪ್ಪು. ಮೊದಲ ಸಲ ಬರುವುದು ಹೀಗೆ: ‘ನೀರು ಹಾಕಬೇಕು. ಬೆಲ್ಲ ಹಾಕಬೇಕು. ನಿಂಬೆಹಣ್ಣು ಹಾಕಬೇಕು.’ ತಿದ್ದಲು ಹೋಗಬೇಡಿ. ಬರೆದಂತೆಯೇ ಮಾಡಿ, ಇಡೀ ನಿಂಬೆಹಣ್ಣನ್ನು ನೀರಿಗೆ ಬಿಡಿ. ‘ಅಯ್ಯೋ, ಹಾಗಲ್ಲಮ್ಮಾ!’ ಅಂದಾಗ ಚೀಟಿ, ಪೆನ್ಸಿಲ್ ಮುಂದಿಡಿ. ಕತ್ತರಿಸು, ಹಿಂಡು ಎರಡೂ ಆಗ ಬರುತ್ತವೆ. ಬೆಲ್ಲದ ಅಚ್ಚು ತಣ್ಣೀರಲ್ಲಿ ಬೇಗ ಕರಗದಿದ್ದಾಗ ‘ಕುಟ್ಟಿ ಪುಡಿಮಾಡು’, ಲೋಟದ ತಳದಲ್ಲಿ ಕಸ ಕಂಡಾಗ ‘ಸೋಸು’. ‘ಹಾಕು’ ಒಂದನ್ನೇ ನೆಚ್ಚಿಕೊಳ್ಳುವ ಚಾಳಿ ಬಿಡಿಸಲು ನನಗೆ ಇದಕ್ಕಿಂತ ಒಳ್ಳೆಯ ದಾರಿ ಕಂಡಿಲ್ಲ.

ಕಾಗುಣಿತದ ತಪ್ಪಿಗೆ ಅಡುಗೆಯ ನಡುವೆ ಕೆಂಪು ಶಾಯಿ ಬೇಡ. ‘ಅಕಿ’ ಅಂತ ಬರೆದರೆ ಬರೆದಂತೆಯೇ ಜೋರಾಗಿ ಓದಿಸಿ, ಕಿವಿಯೇ ಹಿಡಿಯುತ್ತೆ. ‘ಬೇಳೆ’ ‘ಬೆಳೆ’ ಆಗಿದ್ದರೂ ಅಷ್ಟೇ. ಕಿವಿಗೆ ಸಿಗದ ತಪ್ಪು, ಉದಾಹರಣೆಗೆ ‘ಕರ್ಜೂರ’, ಉಳಿದರೆ ಉಳಿಯಲಿ. ಮುಂದಿನ ಚೀಟಿ ಬರೆಯುವಾಗ ಅಂಗಡಿಯ ಪ್ಯಾಕೆಟ್ ನೋಡಿಕೊಂಡು ಬರೆಯಲು ಹೇಳಿ.